ಒಂದು ಮೂಟೆ ಮುಚ್ಚಳ

ಮೂಟೆಯ ಬಾಯಿ ಬಿಚ್ಚಿ ನೆಲಕ್ಕೆ ಸುರಿದಾಗ ಎದ್ದ ಸದ್ದಿಗೆ ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿದರು. ಅವಳು ಕ್ಯಾರೇ ಅನ್ನಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಕೋಟೆ ಗೆದ್ದು ಬಂದವಳ ಹಾಗೆ ನಿಂತು, ಗಂಡ ಏನನ್ನುತ್ತಾನೋ ಎಂದು ಕಾದಳು. ನೆಲದ ತುಂಬ ಸ್ಟೀಲಿನ ಮುಚ್ಚಳಗಳು. ಊಟದ ಡಬ್ಬಿಯ ಮುಚ್ಚಳಗಳು, ಮುಖ ಕಾಣುವಷ್ಟು ಪಾಲಿಶ್ ಆದವು, ಒಳಗೆ ರಬ್ಬರಿನ ಬಳೆ ಕೂರಿಸಿದವು. ಕಿಟಕಿಯ ಬಿಸಿಲು ಅವುಗಳ ಮೇಲೆ ಬಿದ್ದು ಗೋಡೆಯ ತುಂಬ ಬೆಳಕಿನ ಬಿಲ್ಲೆಗಳು ಓಡಾಡುತ್ತಿದ್ದವು.

ಗಂಡ ಗಾರೆ ಕೆಲಸದವನು. ಊರಿನ ಕಟ್ಟಡಗಳೆಲ್ಲ ಅರ್ಧಕ್ಕೇ ನಿಂತು, ಕಂಬಿಗಳು ಆಕಾಶ ನೋಡುತ್ತಿದ್ದ ಕಾಲ ಅದು. ಅವನ ಕರಣೆಗೆ ಗಾರೆ ತಾಗಿ ತಿಂಗಳುಗಳೇ ಆಗಿದ್ದವು. ಮಾತು ಕಡಿಮೆ, ಕೈ ನಿಧಾನ. ಒಂದು ಮುಚ್ಚಳ ಎತ್ತಿಕೊಂಡ, ತಿರುಗಿಸಿ ನೋಡಿದ, ಇಟ್ಟ. ಇನ್ನೊಂದನ್ನು ಎತ್ತಿಕೊಂಡ. ಆಮೇಲೆ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ ತಡಕಾಡಿದ.

"ಇದರ ಡಬ್ಬಿಗಳು ಎಲ್ಲಿ?" ಎಂದ.

ಅವಳು ಉತ್ತರ ಕೊಡಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ನೀವು ನಂಬಿ, ಬಿಡಿ, ಆ ಗಳಿಗೆಯವರೆಗೆ ಆ ಪ್ರಶ್ನೆ ಅವಳ ತಲೆಗೆ ಬಂದೇ ಇರಲಿಲ್ಲ.

ನಗುವವರು ನಗಬಹುದು. ಆ ಕಾರ್ಖಾನೆಯ ಒಳಗು ಗೊತ್ತಿದ್ದವರು ಮಾತ್ರ ನಗುವುದಿಲ್ಲ. ಅಲ್ಲಿ ಅಂಗಳದ ಆಚೆಗೊಂದು ಈಚೆಗೊಂದು ಎರಡು ಶೆಡ್ಡುಗಳು. ಈಚೆಯದು ಮುಚ್ಚಳದ ಶೆಡ್ಡು: ತಗಡನ್ನು ದುಂಡಗೆ ಕತ್ತರಿಸಿ, ಪ್ರೆಸ್ಸಿಗೆ ಕೊಟ್ಟು, ಅಂಚು ಮಡಿಚಿ, ರಬ್ಬರು ಕೂರಿಸಿ, ಗಾಲಿಗೆ ಹಿಡಿದು ಪಾಲಿಶ್ ಮಾಡಿದರೆ ಅವರ ಕೆಲಸ ಮುಗಿಯಿತು. ಆಚೆಯದು ಡಬ್ಬಿ ಶೆಡ್ಡು. ಇವರು ಅಲ್ಲಿಗೆ ಕಾಲಿಡುವಂತಿಲ್ಲ, ಅವರು ಇಲ್ಲಿಗೆ ಬರುವಂತಿಲ್ಲ. ಡಬ್ಬಿಗೆ ಮುಚ್ಚಳ ಹಾಕುವ ಕೆಲಸ ನಡೆಯುತ್ತಿದ್ದದ್ದು ಮೂರನೆಯ ಕಡೆ, ಮ್ಯಾನೇಜರನ ಆಫೀಸಿನ ಪಕ್ಕದ ಜೋಡಿ ಕೋಣೆಯಲ್ಲಿ, ಜಾಲರಿ ಬಾಗಿಲ ಹಿಂದೆ, ಅವನದೇ ಮಂದಿಯ ಕೈಯಲ್ಲಿ. ಹೀಗಾಗಿ ಅರ್ಧ ಆಯಸ್ಸು ಆ ಶೆಡ್ಡಿನಲ್ಲಿ ಸವೆಸಿದ ಅವಳಿಗೆ ಮುಚ್ಚಳವೆಂದರೆ ಯಾವುದೋ ಒಂದರ ಭಾಗ ಎಂದು ಅನ್ನಿಸುತ್ತಲೇ ಇರಲಿಲ್ಲ. ಮುಚ್ಚಳವೇ ಮಾಲು, ಮಾಲೆಂದರೆ ಮುಚ್ಚಳ. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೂ ಮುಚ್ಚಳದಮ್ಮ ಎಂದೇ.

ಇದರ ಮೇಲೆ ಜಗಳ ಬೇರೆ. ಆಚೆ ಶೆಡ್ಡಿಗೆ ಹಿರಿಯಳಾಗಿದ್ದ ಡಬ್ಬಿಯಮ್ಮ ಬೇರೆ ಯಾರೂ ಅಲ್ಲ, ಅವಳ ಸ್ವಂತ ವಾರಗಿತ್ತಿ. ಗಂಡನ ತೀರಿಹೋದ ಅಣ್ಣನ ಹೆಂಡತಿ. ಎಷ್ಟೋ ವರ್ಷಗಳ ಹಿಂದೆ ಒಂದು ಲಾರಿ ಮಾಲು ವಾಪಸು ಬಂದಿತ್ತು, ಡಬ್ಬಿಗಳು ಸೋರುತ್ತವೆ ಎಂದು. ಮುಚ್ಚಳ ಸಡಿಲ ಎಂದರು ಆಚೆಯವರು. ಡಬ್ಬಿಯ ಬಾಯಿಯೇ ಡೊಂಕು ಎಂದರು ಈಚೆಯವರು. ಮ್ಯಾನೇಜರು ಎರಡೂ ಶೆಡ್ಡಿನ ಬೋನಸ್ಸು ನುಂಗಿ ನೀರು ಕುಡಿದ, ಜೊತೆಗೆ ಇಬ್ಬರನ್ನೂ ಬೇರೆ ಬೇರೆ ಕರೆದು, ತಪ್ಪು ಎದುರು ಶೆಡ್ಡಿನವರದೇ ಎಂದು ತನಗೂ ಗೊತ್ತು ಎಂದು ಕಿವಿ ಕಚ್ಚಿದ. ಅಂದಿನಿಂದ ಎರಡು ಶೆಡ್ಡಿಗೆ ಚಹಾದ ಹೊತ್ತು ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ವಾರಗಿತ್ತಿಯರ ನಡುವೆ ಮಾತು ನಿಂತಿತು. ಅತ್ತೆ ಹಿರಿಯ ಸೊಸೆಯ ಮನೆಯಲ್ಲಿದ್ದುದರಿಂದ ಕಿರಿಯಳು ಆಗಾಗ ಅಲ್ಲಿಗೆ ಹೋಗಲೇಬೇಕಿತ್ತು. ಹೋದಾಗ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ಹೇಳಬೇಕಾದ್ದನ್ನೆಲ್ಲ ಅತ್ತೆಯ ಮೂಲಕ ಹೇಳುತ್ತಿದ್ದರು.

ಕಾರ್ಖಾನೆ ಮುಚ್ಚಿದ್ದು ಹೇಗೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸಕ್ಕೆ ಹೋಗುವವರೇ ಕಡಿಮೆಯಾದ ಮೇಲೆ ಊಟದ ಡಬ್ಬಿ ಯಾರಿಗೆ ಬೇಕು? ಮಾಲೀಕ ಮುಖ ತೋರಿಸಲಿಲ್ಲ. ಮ್ಯಾನೇಜರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕೊಡಲು ದುಡ್ಡಿಲ್ಲ, ಸಂಬಳದ ಬಾಕಿಗೆ ಬದಲಾಗಿ ಮಾಲು ತೆಗೆದುಕೊಂಡು ಹೋಗಿ ಎಂದ. ಜೋಡಿ ಕೋಣೆಯ ಬಾಗಿಲು ತೆಗೆಯಲು ಬೀಗದ ಕೈಯನ್ನೂ ಹೊರಗೆಳೆದಿದ್ದ. ಅಷ್ಟರಲ್ಲಿ ಆ ಕೋಣೆಯಲ್ಲಿರುವುದೆಲ್ಲ ಹಳೆಯ ಸೋರುವ ಮಾಲು ಎಂದು ಯಾರೋ ಪುಕಾರು ಎಬ್ಬಿಸಿದರು. ಆಚೆ ಗುಂಪಿನಿಂದ, ಮುಚ್ಚಳದವರ ಕಸ ನಮಗೆ ಬೇಡ ಎಂಬ ಮಾತು ತೇಲಿ ಬಂತು. ಇಷ್ಟು ಸಾಕಾಯಿತು. ಅವಳು ಬೆಂಚಿನ ಮೇಲೆ ಹತ್ತಿ ನಿಂತಳು.

"ನಾವು ಮಾಡಿದ್ದು ನಮಗೆ ಕೊಡಿ. ಅವರ ಡೊಂಕು ಡಬ್ಬಿ ನಾವು ಕೈಯಿಂದಲೂ ಮುಟ್ಟಲ್ಲ."

ಈಚೆಯವರೆಲ್ಲ ಚಪ್ಪಾಳೆ ತಟ್ಟಿದರು. ಆಚೆಯವರೂ ಹಟಕ್ಕೆ ಬಿದ್ದು ತಮ್ಮ ಡಬ್ಬಿ ತಮಗೇ ಬೇಕೆಂದರು. ಮ್ಯಾನೇಜರು ಒಂದು ಕ್ಷಣ ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ಮೀಸೆ ಒರೆಸಿಕೊಳ್ಳುವ ನೆಪದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು, ಆಗಲಿ ತಾಯಂದಿರೇ, ನಿಮ್ಮಿಷ್ಟ ಎಂದ. ಬೀಗದ ಕೈ ಮತ್ತೆ ಜೇಬು ಸೇರಿತು. ಹೆಂಗಸರು ರಸ್ತೆಯ ಈ ಬದಿಯಲ್ಲಿ ಮುಚ್ಚಳದ ಮೂಟೆ ಹೊತ್ತು, ಆ ಬದಿಯಲ್ಲಿ ಡಬ್ಬಿಯ ಮೂಟೆ ಹೊತ್ತು, ಒಬ್ಬರನ್ನೊಬ್ಬರು ನೋಡದೆ ಮೆರವಣಿಗೆ ಹೊರಟವರಂತೆ ಮನೆಗೆ ಬಂದರು.

"ಡಬ್ಬಿ ಅವರ ಹತ್ರ ಇದೆ," ಎಂದಳು ಕೊನೆಗೆ, ಗಂಡನಿಗೆ ಬೆನ್ನು ಮಾಡಿ.

ಅವನು ನಗಲಿಲ್ಲ. ನಕ್ಕಿದ್ದರೆ ಅವನ ಮೇಲಾದರೂ ಹರಿಹಾಯಬಹುದಿತ್ತು.

ಈಗ ತಮ್ಮನ ವಿಷಯ ಹೇಳಬೇಕು. ಅವಳ ತಮ್ಮ ಬೇರೆ ಊರಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ಫೋನು ಮಾಡಿ, ಅಕ್ಕ, ಅಂಗಡಿ ಹಿಂದಿನ ಕೋಣೆ ಖಾಲಿ ಇದೆ, ಬಂದುಬಿಡಿ ಎಂದಿದ್ದ. ಭಾವ ಗೋದಾಮು ನೋಡಿಕೊಳ್ಳಲಿ, ಹೇಗೂ ಅಡುಗೆಯವಳನ್ನು ಬಿಡಿಸಿದ್ದೇವೆ, ಅಡುಗೆಮನೆ ನೀನು ನೋಡಿಕೊಂಡರಾಯಿತು ಎಂದಿದ್ದ. ಭಾನುವಾರ ಅವನ ಗಾಡಿ ಈ ಕಡೆ ಸರಕು ಇಳಿಸಲು ಬರುತ್ತದೆ, ಖಾಲಿ ಹೋಗುವಾಗ ಸಾಮಾನು ಹೇರಿಕೊಂಡು ಹೋದರಾಯಿತು. ಬಾಡಿಗೆ ಕೊಡದೆ ತಿಂಗಳುಗಳು ಉರುಳಿದ್ದವು. ಮನೆಯ ಮಾಲೀಕನೂ ಮೆತ್ತಗೆ, ಬೇರೆಯವರು ಕೇಳುತ್ತಿದ್ದಾರೆ ಎಂದು ಹೇಳಿ ಹೋಗಿದ್ದ. ಗಂಡ ಹೂಂ ಅಂದಾಗಿತ್ತು. ಪಾತ್ರೆಗಳನ್ನು ಕಟ್ಟಲು ಶುರು ಮಾಡಿ, ಕರಣೆಯನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದ.

ತಮ್ಮ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಮೂಗು ಒರೆಸಿ, ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು. ಅಕ್ಕನಿಗೆ ಒಂದು ಕೋಣೆ ಕೊಡುವಾಗ ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. ಅವಳಿಗೆ ಕಾಣುತ್ತಿದ್ದದ್ದು ಬೇರೆ: ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುವ ಮುಂಚೆ ನಾದಿನಿಯ ಮುಖ ನೋಡಬೇಕು. ನೆಂಟರು ಬಂದಾಗ ಒಳಗೇ ಇರಬೇಕು. ಗಂಡ ಗೋಡೆ ಕಟ್ಟುವುದನ್ನು ಮರೆತು ಮೂಟೆ ಕಾಯಬೇಕು. ಹಂಗಿನ ಅನ್ನ ಬೇಯಿಸಿ, ಹಂಗಿನ ಅನ್ನ ಉಣ್ಣಬೇಕು. ಅವಳಿಗೆ ಹೆದರಿಕೆಯಾಗಿತ್ತು, ಉಪವಾಸಕ್ಕೂ ಅಷ್ಟು ಹೆದರಿದವಳಲ್ಲ.

"ಭಾನುವಾರದ ತನಕ ಇನ್ನೊಂದು ಗಂಟೂ ಕಟ್ಟಬೇಡಿ," ಎಂದಳು ಗಂಡನಿಗೆ.

"ಅಷ್ಟರಲ್ಲಿ ಏನಾಗುತ್ತೆ?"

"ಏನೋ ಒಂದು ಆಗುತ್ತೆ. ಆಗದಿದ್ರೆ ನಾನೇ ಆಗಿಸ್ತೀನಿ."

ಮಾತೇನೋ ಜೋರಾಗಿಯೇ ಇತ್ತು. ಮರುದಿನ ಒಂದು ಚೀಲ ಮುಚ್ಚಳ ಹೊತ್ತು ಪೇಟೆಗೆ ಹೋದಳು. ಪಾತ್ರೆ ಅಂಗಡಿಯವನು ಕೆಲಸವಿಲ್ಲದೆ ನೊಣ ಹೊಡೆಯುತ್ತ ಕೂತಿದ್ದವನು, ಒಂದು ಮುಚ್ಚಳ ತೆಗೆದುಕೊಂಡು ಅಂಗಡಿಯಲ್ಲಿದ್ದ ಒಂದೊಂದೇ ಪಾತ್ರೆಯ ಮೇಲಿಟ್ಟು ನೋಡಿದ. ಯಾವುದಕ್ಕೂ ಕೂರಲಿಲ್ಲ. ಅವನಿಗೆ ಹೊತ್ತು ಹೋಯಿತು, ಅಷ್ಟೇ. ಒಬ್ಬ ಮುದುಕಿ ಹಾಲಿನ ಲೋಟಕ್ಕೆ ಆಗುತ್ತದೆಯೇ ಎಂದು ಕೇಳಿದಳು. ಲೋಟವೇ ಮುಚ್ಚಳದ ಒಳಗೆ ಸೇರಿಕೊಳ್ಳುತ್ತಿತ್ತು. ಚಹಾದವನು ಬೀಡಿ ಬೂದಿ ಹಾಕಲು ಒಂದನ್ನು ಪುಕ್ಕಟೆ ಕೊಡುತ್ತೀಯಾ ಎಂದ. ಕೊಡಲಿಲ್ಲ. ಮುಚ್ಚಳದ ಮಾನ ಅಷ್ಟಕ್ಕೆ ಇಳಿದಿಲ್ಲ ಎಂದು ಹೇಳಿ ಬಂದಳು. ದಾರಿಯುದ್ದಕ್ಕೂ ಕಣ್ಣೀರು ಒರೆಸಿಕೊಂಡಳು ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ನಲ್ಲಿಯ ಹತ್ತಿರ ಶೆಡ್ಡಿನ ಗೆಳತಿಯರು ಸಿಕ್ಕರು. ಬೆಂಚಿನ ಮೇಲೆ ನಿಂತಾಗ ಚಪ್ಪಾಳೆ ತಟ್ಟಿದವರೇ ಈಗ ಮುಖ ಗಂಟಿಕ್ಕಿಕೊಂಡು ಕೊಡ ಸರಿಸಿದರು. ನಿನ್ನ ಮಾತು ಕಟ್ಟಿಕೊಂಡು ಮುಚ್ಚಳ ಹೊತ್ತು ತಂದೆವು, ಇನ್ನು ಅದನ್ನೇ ತಟ್ಟೆ ಮಾಡಿಕೊಂಡು ಊಟ ಮಾಡಬೇಕು, ಊಟ ಇದ್ದರೆ ಎಂದಳು ಒಬ್ಬಳು. ಇವಳು ಬೈಸಿಕೊಳ್ಳಬೇಕಾದ್ದನ್ನು ಬೈಸಿಕೊಂಡು ನೀರು ತಂದಳು.

ಹೀಗಿರುವಾಗ ವಾರದ ನಡುವೆ ಬೀದಿಗೆ ಗುಜರಿಯವನೊಬ್ಬ ಬಂದ. ಮೂರು ಗಾಲಿಯ ಗಾಡಿ, ಹಿಂದೆ ಟಾರ್ಪಾಲು, ಕೈಯಲ್ಲಿ ತೂಕದ ಕೊಕ್ಕೆ. ಮುಚ್ಚಳ ಇದ್ದರೆ ತನ್ನಿ, ಸ್ಟೀಲಿನ ತೂಕಕ್ಕೆ ತೆಗೆದುಕೊಳ್ಳುತ್ತೇನೆ, ಬೇರೆ ಯಾರೂ ಮುಟ್ಟುವುದಿಲ್ಲ ನೋಡಿ ಎಂದು ಮರುಕದಿಂದಲೇ ಕೂಗಿದ. ಹೆಂಗಸರು ಮನೆಗೆ ಓಡಿ ಮೂಟೆಗಳನ್ನು ಎಳೆದುಕೊಂಡು ಬಂದರು. ಅವಳೂ ತಂದಳು. ಗುಜರಿ ಬೆಲೆಗೆ ಬಾಡಿಗೆಯ ಮೂಲೆಯೂ ತುಂಬುತ್ತಿರಲಿಲ್ಲ, ಆದರೂ ತಂದಳು. ಮನಸ್ಸು ಅಷ್ಟು ಸೋತುಹೋಗಿತ್ತು.

ತೂಗಿದ ಮೂಟೆಯನ್ನು ಗಾಡಿಗೆ ಹಾಕಲು ಟಾರ್ಪಾಲು ಎತ್ತಿದವಳು ಅಲ್ಲೇ ನಿಂತಳು. ಒಂದು ಕಡೆ ತೂತು ಬಕೆಟ್ಟು, ಮುರಿದ ಪೈಪು, ಸೈಕಲ್ಲಿನ ಅಸ್ಥಿಪಂಜರ, ಎಲ್ಲ ಬಿಸಾಡಿದ ಹಾಗೆ ಬಿದ್ದಿದ್ದವು. ಇನ್ನೊಂದು ಕಡೆ ರಟ್ಟಿನ ಪೆಟ್ಟಿಗೆ. ಅದರಲ್ಲಿ ಊಟದ ಡಬ್ಬಿಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ನಡುವೆಯೂ ಗೀರು ಬೀಳದಂತೆ ಕಾಗದ ಸುತ್ತಿತ್ತು.

"ಗುಜರಿಗೆ ಹೋಗೋ ಮಾಲಿಗೆ ಕಾಗದ ಸುತ್ತುತ್ತೀರಾ?" ಎಂದಳು.

ಅವನು ಏನೋ ತೊದಲಿದ. ಅವಳು ತನ್ನ ಮೂಟೆಯನ್ನು ಎಳೆದು ಕೆಳಗಿಳಿಸಿದಳು. ಅವನು ಬೆಲೆ ಸ್ವಲ್ಪ ಏರಿಸಿದ. ಅವಳು ಮೂಟೆಯ ಬಾಯಿ ಕಟ್ಟಿದಳು. ಇನ್ನೂ ಏರಿಸಿದ. ಅವನು ಏರಿಸಿದಷ್ಟೂ ಅವಳಿಗೆ ಖಾತ್ರಿಯಾಗುತ್ತ ಹೋಯಿತು. ಕೊನೆಗೆ, ನನ್ನ ಹೊಟ್ಟೆ ಮೇಲೆ ಹೊಡೀಬೇಡಮ್ಮ, ಸಾಹೇಬರು ಬೈತಾರೆ ಎಂದುಬಿಟ್ಟ. ಯಾವ ಸಾಹೇಬರು ಎಂದು ಹೆಂಗಸರೆಲ್ಲ ಸುತ್ತುವರಿದ ಮೇಲೆ ಬಾಯಿ ಬಿಡದೆ ಅವನಿಗೆ ಗತಿಯಿರಲಿಲ್ಲ. ಶಾಲೆಗಳು ತೆರೆಯುವ ಹೊತ್ತು. ಮಕ್ಕಳ ಊಟಕ್ಕೆ ಡಬ್ಬಿ ಬೇಕೆಂದು ಮ್ಯಾನೇಜರಿಗೆ ದೊಡ್ಡ ಆರ್ಡರು ಬಂದಿದೆ. ಕಾರ್ಖಾನೆಯ ಪ್ರೆಸ್ಸುಗಳನ್ನು ಮಾರಿಯಾಗಿದೆ, ಜೋಡಿ ಕೋಣೆಯ ಮಾಲೂ ಖಾಲಿ. ಇದ್ದ ಮಾಲೆಲ್ಲ ಈ ಹೆಂಗಸರ ಮಂಚದ ಕೆಳಗೆ.

ನಲ್ಲಿಯ ಹತ್ತಿರ ಬೈದಿದ್ದವಳೇ ಕೇಳಿದಳು, ವಾಪಸು ತೆಗೆದುಕೊಂಡು ಹೋಗಿ ಏನು ಮಾಡುತ್ತೀಯ ಎಂದು.

"ಡಬ್ಬಿ ಮುಚ್ತೀನಿ," ಎಂದಳು ಮುಚ್ಚಳದಮ್ಮ. "ಮಾರೋರು ಮಾರಿ, ನಾನು ಬೇಡ ಅನ್ನಲ್ಲ. ಬರೋರು ನನ್ನ ಹಿಂದೆ ಬನ್ನಿ."

ಹೇಳುವಾಗ ಇದ್ದ ಧೈರ್ಯ ವಾರಗಿತ್ತಿಯ ಮನೆಯ ತಿರುವಿಗೆ ಬರುವಷ್ಟರಲ್ಲಿ ಕರಗಿತ್ತು. ಹೆಂಗಸರನ್ನು ಗೇಟಿನ ಹೊರಗೆ ನಿಲ್ಲಿಸಿ ಒಬ್ಬಳೇ ಒಳಗೆ ಹೋದಳು. ಮನೆಯ ತುಂಬ ಡಬ್ಬಿಗಳು, ಸೂರಿನವರೆಗೆ ಗೋಪುರ ಕಟ್ಟಿದ್ದವು. ಒಂದರಲ್ಲಿ ಬೆಂಕಿಪೊಟ್ಟಣ, ಒಂದರಲ್ಲಿ ಬಾಚಣಿಗೆ, ಒಂದರಲ್ಲಿ ಅತ್ತೆಯ ಮಾತ್ರೆ. ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ಡಬ್ಬಿಯಮ್ಮ ಗೋಡೆಗೆ ಒರಗಿದ್ದವಳು ಇವಳನ್ನು ನೋಡಿ ಕಿಟಕಿಯ ಕಡೆ ತಿರುಗಿ ಕೂತಳು.

"ಅತ್ತೆ, ಗುಜರಿಯವನು ಇಲ್ಲಿಗೂ ಬಂದಿದ್ದನಾ ಅಂತ ಕೇಳಿ."

ಅತ್ತೆ ಸೂಜಿಯಿಂದ ತಲೆ ಎತ್ತುವ ಮೊದಲೇ ಕಿಟಕಿಯ ಕಡೆಯಿಂದ ಉತ್ತರ ಬಂತು. "ಬಂದಿದ್ದ, ನಮ್ಮ ಶೆಡ್ಡಿನವರಿಬ್ಬರು ಕೊಟ್ಟೂ ಬಿಟ್ಟರು ಅಂತ ಹೇಳಿ."

"ಅವನನ್ನ ಕಳಿಸಿದ್ದು ಮ್ಯಾನೇಜರು ಅಂತ ಹೇಳಿ."

ಇವಳು ಆರ್ಡರಿನ ವಿಷಯ, ಕಾಗದ ಸುತ್ತಿದ ವಿಷಯ, ಎಲ್ಲವನ್ನೂ ಅತ್ತೆಯ ಮುಖ ನೋಡಿಕೊಂಡು ಹೇಳಿದಳು. ಡಬ್ಬಿಯಮ್ಮ ಕಿಟಕಿಯ ಸರಳನ್ನು ನೋಡಿಕೊಂಡು ಕೇಳಿಸಿಕೊಂಡಳು.

"ಸಡಿಲ ಮುಚ್ಚಳ ನನ್ನ ಡಬ್ಬಿಗೆ ಹಾಕೋದಿಲ್ಲ ಅಂತ ಹೇಳಿ," ಎಂದಳು ಕೊನೆಗೆ.

"ಡೊಂಕು ಡಬ್ಬಿಗೆ ನನ್ನ ಮುಚ್ಚಳ ಕೊಡೋಕೆ ನಂಗೂ ಆಸೆ ಇಲ್ಲ ಅಂತ ಹೇಳಿ."

"ನಾನೇನು ಪೋಸ್ಟ್ ಡಬ್ಬಿನಾ?" ಎಂದು ಅತ್ತೆ ಸೂಜಿ ಕೆಳಗಿಟ್ಟಳು. ಎದ್ದು ಹೋಗಿ ಕಿರಿಯಳ ಚೀಲದಿಂದ ಒಂದು ಮುಚ್ಚಳ ಎಳೆದಳು, ಬಾಚಣಿಗೆ ಹೊರಗೆ ಹಾಕಿ ಹಿರಿಯಳ ಡಬ್ಬಿ ತೆಗೆದಳು, ಅಂಗೈಯಿಂದ ಒತ್ತಿದಳು. ಕೂರಲಿಲ್ಲ. ಇನ್ನೊಂದು ಮುಚ್ಚಳ ಇಟ್ಟಳು. ಅದು ಗಿರಗಿರನೆ ತಿರುಗಿತು. ಇಬ್ಬರೂ ಸೊಸೆಯರ ಮುಖದಲ್ಲಿ, ಹೇಳಲಿಲ್ಲವೇ ಎಂಬ ಒಂದೇ ಕಳೆ. ಮುದುಕಿ ಬಿಡಲಿಲ್ಲ. ಮೂರನೆಯದು ಟಪ್ ಎಂದಿತು. ಬರೀ ಸದ್ದಲ್ಲ ಅದು, ಒಳಗಿನ ಗಾಳಿ ಸಿಕ್ಕಿಕೊಂಡಾಗ ಬರುವ ತುಂಬಿದ ಸದ್ದು. ಆ ಡಬ್ಬಿಗೆ ನೀರು ತುಂಬಿ, ಮತ್ತೆ ಮುಚ್ಚಿ, ಇಬ್ಬರ ನಡುವೆ ತಲೆಕೆಳಗು ಹಿಡಿದಳು. ಒಂದು ಹನಿಯೂ ಬೀಳಲಿಲ್ಲ.

ಗುಟ್ಟೇನೂ ಇರಲಿಲ್ಲ. ಹಳೆಯ ಪ್ರೆಸ್ಸುಗಳು ಸವೆದು ಡಬ್ಬಿಯ ಬಾಯಿಯೂ ಮುಚ್ಚಳವೂ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಬರುತ್ತಿದ್ದವು. ಕೂತು ಒಂದೊಂದನ್ನೇ ಹೊಂದಿಸಿ ನೋಡಿದರೆ ಎಲ್ಲದಕ್ಕೂ ಒಂದು ಸಿಗುತ್ತಿತ್ತು. ಜೋಡಿ ಕೋಣೆಯವರಿಗೆ ಅಷ್ಟು ತಾಳ್ಮೆ ಇರಲಿಲ್ಲ, ಮ್ಯಾನೇಜರಿಗೆ ಅದನ್ನು ಹೇಳುವ ಮನಸ್ಸಿರಲಿಲ್ಲ.

ಮರುದಿನದಿಂದ ಆ ಮನೆಯ ಅಂಗಳವೇ ಜೋಡಿ ಕೋಣೆಯಾಯಿತು. ಮುಚ್ಚಳದವರು ಒಂದು ಸಾಲು, ಡಬ್ಬಿಯವರು ಒಂದು ಸಾಲು, ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ. ಮೊದಮೊದಲು ಡಬ್ಬಿಯನ್ನು ನೆಲದ ಮೇಲೆ ದೂಡಿ ಕೊಡುತ್ತಿದ್ದರು, ಕೈಗೆ ಕೈ ತಾಗಬಾರದಲ್ಲ. ಸಂಜೆಯಾಗುವಷ್ಟರಲ್ಲಿ ದೂಡಿ ದೂಡಿ ಸೊಂಟ ನೋವು ಬಂದು ಸಾಲುಗಳು ತಾವಾಗಿಯೇ ಹತ್ತಿರ ಬಂದವು. ಟಪ್, ಟಪ್ ಎಂಬ ಸದ್ದು ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಇವಳ ಗಂಡ ಇಟ್ಟಿಗೆ ಜೋಡಿಸುವ ಕೈಯಲ್ಲಿ ಮುಚ್ಚಿದ ಡಬ್ಬಿಗಳನ್ನು ಗೋಡೆಯಂತೆ ಏರಿಸಿದ. ಮೂಲೆ ಎಲ್ಲಿ ಬಾಗಿತೋ ಎಂದು ಒಂದು ಕಣ್ಣು ಮುಚ್ಚಿ ನೋಡುವುದನ್ನು ಅವಳು ತಿಂಗಳುಗಳ ಮೇಲೆ ನೋಡಿದಳು. ಮನೆಗೆ ಹೋಗುವಾಗ, ಕರಣೆ ಎಲ್ಲಿಟ್ಟೆನೋ ಎಂದು ತಾನಾಗಿಯೇ ಕೇಳಿದ. ವಾರಗಿತ್ತಿಯರು ಮಾತ್ರ ಹಾಗೇ ಇದ್ದರು. ಒಂದು ಮೊಳ ದೂರದಲ್ಲಿ ಕೂತು, ಆ ಕಡೆಯ ರಾಶಿ ಕೊಡಲು ಹೇಳಿ ಅತ್ತೆ, ಈ ಕಡೆ ಡಬ್ಬಿ ಸಾಲದು ಎಂದು ಹೇಳಿ ಅತ್ತೆ ಎನ್ನುತ್ತಿದ್ದರು. ಅತ್ತೆ ನಿದ್ದೆ ಹೋದಾಗಲೂ ಹೇಳುತ್ತಿದ್ದರು.

ಶನಿವಾರ ಸಂಜೆ ಮ್ಯಾನೇಜರು ತಾನೇ ಬಂದ. ಅಂಗಳದ ಹೆಂಗಸರ ಕಡೆ ಒಂದು ನಗೆ ಚೆಲ್ಲಿ, ಒಂದು ನಿಮಿಷ ಬಾರಮ್ಮ ಎಂದು ಅವಳೊಬ್ಬಳನ್ನೇ ಗೇಟಿನ ಪಕ್ಕಕ್ಕೆ ಕರೆದ. ದನಿ ಬೆಣ್ಣೆಯಾಗಿತ್ತು. ನಾಳೆ ಗಾಡಿ ಬರುತ್ತದಂತಲ್ಲ, ತಮ್ಮನ ಮನೆಗೆ ಹೊರಟಿದ್ದೀರಂತಲ್ಲ ಎಂದು ನೊಂದುಕೊಂಡ. ಎಲ್ಲಿಂದ ತಿಳಿದುಕೊಂಡಿದ್ದನೋ. ಆಮೇಲೆ ವಿಷಯಕ್ಕೆ ಬಂದ. ಅವಳ ಶೆಡ್ಡಿನ ಮುಚ್ಚಳವಷ್ಟೇ ತನಗೆ ಸಾಕು, ಒಳ್ಳೆಯ ಬೆಲೆ ಕೊಡುತ್ತೇನೆ. ಮುಚ್ಚಳ ತನ್ನ ಕೈಗೆ ಬಂದರೆ ಡಬ್ಬಿಯವರು ಎಲ್ಲಿಗೆ ಹೋಗುತ್ತಾರೆ, ಕೊಟ್ಟಷ್ಟಕ್ಕೆ ಕೊಟ್ಟು ಹೋಗುತ್ತಾರೆ. ಜೇಬಿನಿಂದ ನೋಟಿನ ಕಟ್ಟು ತೆಗೆದು, ಯಾರಿಗೂ ಕಾಣದಂತೆ ಅಂಗೈಯಲ್ಲಿ ಹಿಡಿದು ಅವಳಿಗೆ ಮಾತ್ರ ತೋರಿಸಿದ.

"ಅವಳ ಜೊತೆ ನಿನಗೇನಮ್ಮ? ಅವತ್ತು ನಿನ್ನ ಬೋನಸ್ಸು ಹೋಗಿದ್ದು ಯಾರಿಂದ? ನನಗೆ ಗೊತ್ತಿಲ್ವಾ."

ಅವಳು ಆ ಕಟ್ಟನ್ನು ನೋಡಿದಳು. ನೋಡಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಅದರಲ್ಲಿ ಬಾಡಿಗೆ ಇತ್ತು, ಬಿಚ್ಚಿದ ಗಂಟುಗಳಿದ್ದವು, ನಾದಿನಿಯ ಮುಖ ನೋಡದೆ ಹಾಕಿಕೊಳ್ಳುವ ಸಕ್ಕರೆ ಇತ್ತು. ಕೈ ಚಾಚಿದರೆ ಸಾಕು. ಹಿಂದೆ ಅಂಗಳದಲ್ಲಿ ಟಪ್ ಟಪ್ ಸದ್ದು ನಿಂತುಹೋಗಿತ್ತು. ತಿರುಗಿ ನೋಡದೆಯೇ ಅವಳಿಗೆ ಗೊತ್ತಾಯಿತು, ಎಲ್ಲರ ಕಿವಿಯೂ ಇತ್ತಲೇ ಇದೆ, ಹಿರಿಯಳ ಕೈಯಲ್ಲೊಂದು ಡಬ್ಬಿ ಹಾಗೇ ನಿಂತಿದೆ. ಇವಳು ಕೊಟ್ಟೇಬಿಡುತ್ತಾಳೆ ಎಂದು ಹಿರಿಯಳು ಅಂದುಕೊಂಡಿರುತ್ತಾಳೆ. ಅದೇಕೋ, ಉಳಿದೆಲ್ಲಕ್ಕಿಂತ ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಅವಳು ಅಂಗಳದ ಕಡೆ ತಿರುಗಿದಳು. ಅತ್ತೆಯ ಮುಖ ನೋಡಲಿಲ್ಲ.

"ಅಕ್ಕ, ಎಷ್ಟು ಹೇಳೋಣ?"

ಯಾರದೋ ಕೈಯಿಂದ ಡಬ್ಬಿ ಬಿದ್ದು ಉರುಳಿಕೊಂಡು ಹೋಯಿತು. ಡಬ್ಬಿಯಮ್ಮ ಎದ್ದು ನಿಂತಳು. ಕೈ ಒರೆಸಿಕೊಂಡಳು, ಅವಳ ಪಕ್ಕಕ್ಕೆ ಬಂದು ನಿಂತಳು.

"ಅಂಗಡಿ ಬೆಲೆ ಹೇಳು. ಜೋಡಿಗೆ. ಬಿಡಿಬಿಡಿಯಾಗಿ ಏನೂ ಇಲ್ಲ ಅನ್ನು."

"ಕೇಳಿಸ್ತಲ್ಲ ಸಾರ್," ಎಂದಳು ಕಿರಿಯಳು. "ದುಡ್ಡು ಮೊದಲು, ಆಮೇಲೆ ಗಾಡಿಗೆ ಹಾಕೋದು."

ಮ್ಯಾನೇಜರು ಗಟ್ಟಿಯಾಗಿ ನಕ್ಕ. ಜೊತೆಗೆ ನಗಲು ಯಾರೂ ಇರಲಿಲ್ಲವಾದ್ದರಿಂದ ನಗು ಅರ್ಧಕ್ಕೇ ನಿಂತಿತು. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು, ಹೊರಗಿನಿಂದ ತರಿಸುತ್ತೇನೆ, ನಿಮ್ಮ ಡಬ್ಬಿಗಳು ಇಲ್ಲೇ ಕೂತು ತುಕ್ಕು ಹಿಡಿಯಲಿ ಎಂದ.

"ಸ್ಟೀಲು ಸಾರ್, ತುಕ್ಕು ಹಿಡಿಯಲ್ಲ," ಎಂದಳು ಅವಳು. "ನಾವು ಕಾಯ್ತೀವಿ. ಶಾಲೆ ಕಾಯುತ್ತಾ ಕೇಳ್ಕೊಂಡು ಬನ್ನಿ."

ಅವನು ದಡದಡನೆ ಹೊರಟೇಹೋದ. ಬೀದಿಯ ತುದಿಯವರೆಗೆ ಹೋದ. ಅವಳು ಹಿರಿಯಳ ಕಡೆ ನೋಡದೆ ಗೇಟಿಗೆ ಒರಗಿದಳು. ಹಿರಿಯಳೂ ಗೇಟಿಗೇ ಒರಗಿದ್ದಳು. ಮ್ಯಾನೇಜರು ತುದಿಯಲ್ಲಿ ನಿಂತು ಫೋನು ತೆಗೆದ, ಯಾರಿಗೋ ತಲೆಯಾಡಿಸಿದ, ಜೇಬಿಗಿಟ್ಟ. ಸ್ವಲ್ಪ ಹೊತ್ತು ತನ್ನ ಚಪ್ಪಲಿಯನ್ನೇ ನೋಡಿದ. ಹಿಂದಿರುಗಿ ಬರುವಾಗ ಅವನ ನಡಿಗೆ ಮೊದಲಿನಂತಿರಲಿಲ್ಲ.

ಮಾರನೆಯ ದಿನ ತಮ್ಮನ ಗಾಡಿ ಬಂತು, ತಮ್ಮನೂ ಬಂದಿದ್ದ. ಮೆಟ್ಟಿಲು ಹತ್ತಿ ಬಂದವನು ಬಿಚ್ಚಿದ ಗಂಟುಗಳನ್ನೂ ಮೊಳೆಗೆ ನೇತುಹಾಕಿದ ಕರಣೆಯನ್ನೂ ನೋಡಿ ಬಾಗಿಲಲ್ಲೇ ನಿಂತ. ಅವಳು ಅವನನ್ನು ಕೂರಿಸಿ, ಹೊಟ್ಟೆ ತುಂಬ ಊಟ ಬಡಿಸಿದಳು. ಅವನು ಅನುಮಾನದಿಂದ, ಇದು ಎಷ್ಟು ದಿನಕ್ಕೆ ಅಕ್ಕ ಎಂದು ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಕಾರ್ಖಾನೆ ತೆರೆಯಲಿಲ್ಲ, ಕಟ್ಟಡಗಳು ಏಳಲಿಲ್ಲ, ಬಂದ ದುಡ್ಡು ಒಂದು ದಿನ ಮುಗಿಯುವುದೇ. ಅವಳು ಅದನ್ನು ಮುಚ್ಚಿಡಲಿಲ್ಲ.

"ಗೊತ್ತಿಲ್ಲ. ಮುಗಿದಾಗ ಮತ್ತೆ ಏನಾದ್ರೂ ಹುಡುಕ್ತೀನಿ. ನಿನ್ನ ಮನೆಗೆ ಬರ್ತೀನಿ ಕಣೋ, ನೆಂಟರ ಹಾಗೆ ಬರ್ತೀನಿ. ಎರಡು ದಿನ ಕೂತು ಊಟ ಮಾಡಿ, ನಿನ್ನ ಹೆಂಡತಿ ಅಡುಗೆಗೆ ಹೆಸರಿಟ್ಟು ವಾಪಸು ಬರ್ತೀನಿ."

ತಮ್ಮ ನಕ್ಕ. ದಾರಿಗೆಂದು ಒಂದು ಡಬ್ಬಿಯಲ್ಲಿ ಊಟ ಹಾಕಿ, ಮುಚ್ಚಳ ಒತ್ತಿ ಕೊಟ್ಟಳು. ಖಾಲಿ ಗಾಡಿಯಲ್ಲಿ ಅದೊಂದು ಡಬ್ಬಿ ಅವನ ತೊಡೆಯ ಮೇಲೆ ಕೂತು ಹೊರಟಿತು. ಗಾಡಿ ತಿರುವಿನಲ್ಲಿ ಮರೆಯಾಗುವ ಮೊದಲೇ ಕೆಳಗಿನ ಬೀದಿಯಿಂದ ಡಬ್ಬಿಯಮ್ಮನ ದನಿ ಕೇಳಿಸಿತು. ಸೊಂಟದ ಮೇಲೆ ಒಂದು ಕೈಯಿಟ್ಟುಕೊಂಡು, ಇನ್ನೊಂದರಲ್ಲಿ ಉಳಿದ ಒಂದು ಡಬ್ಬಿ ಎತ್ತಿ ಹಿಡಿದು, ಮೇಲೆ ನೋಡಿಕೊಂಡು ನಿಂತಿದ್ದಳು.

"ಇದು ಸೋರುತ್ತೆ ನೋಡು. ನಿನ್ನ ಮುಚ್ಚಳ ಸಡಿಲ."

"ನಿನ್ನ ಡಬ್ಬಿ ಬಾಯಿ ಡೊಂಕು, ಅಕ್ಕ," ಎಂದು ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಕೂಗಿದಳು. "ಇರು, ಬಂದೆ."